ಸಣ್ಣ ನಿಯಂತ್ರಕ ಆರ್‌ಎನ್‌ಎ: ಹುಡುಕಲು, ಮಡಿಕೆ ಊಹಿಸಲು, ಗುರಿ ಗುರುತಿಸಲು ಯಾವ ತಂತ್ರಾಂಶ?

ಸಣ್ಣ ನಿಯಂತ್ರಕ ಆರ್‌ಎನ್‌ಎಗಳ, ಅಂದರೆ ಬೇರೆ ಜೀನ್‌ಗಳ ಕೆಲಸವನ್ನು ಹತೋಟಿಯಲ್ಲಿಡುವ ಚಿಕ್ಕ ಆರ್‌ಎನ್‌ಎಗಳ ಮೇಲೆ ಕೆಲಸ ಆರಂಭಿಸುವ ವಿದ್ಯಾರ್ಥಿಗಳು ಯಾವ ತಂತ್ರಾಂಶ ಬಳಸಬೇಕೆಂದು ಕೇಳಿದಾಗ ನೇರ ಉತ್ತರ ಕೊಡುವುದು ಕಷ್ಟ, ಏಕೆಂದರೆ ಆ ಒಂದು ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳು ಸೇರಿಕೊಂಡಿರುತ್ತವೆ. ಜೀನೋಮಿನ ಈ ಭಾಗದಲ್ಲಿ ಸಣ್ಣ ಆರ್‌ಎನ್‌ಎಯ ಜೀನ್ ಇದೆಯೇ ಎಂಬುದು ಮೊದಲನೆಯದು. ಇದ್ದರೆ ಆ ಆರ್‌ಎನ್‌ಎ, ತನ್ನದೇ ಅಕ್ಷರಗಳು ಜಿ-ಸಿ, ಎ-ಯು ಎಂದು ಜೋಡಿಯಾಗಿ, ಹೇಗೆ ಮಡಿಚಿಕೊಳ್ಳುತ್ತದೆ ಎಂಬುದು ಎರಡನೆಯದು. ಅದು ಯಾವ ಎಂಆರ್‌ಎನ್‌ಎಗೆ (ಪ್ರೋಟೀನ್ ತಯಾರಿಕೆಯ ಸಂದೇಶ ಹೊತ್ತ ಆರ್‌ಎನ್‌ಎಗೆ) ಅಂಟಿಕೊಂಡು ಯಾವ ಪ್ರೋಟೀನಿನ ತಯಾರಿಕೆಯನ್ನು ತಡೆಯುತ್ತದೆ ಅಥವಾ ಹೆಚ್ಚಿಸುತ್ತದೆ ಎಂಬುದು ಮೂರನೆಯದು. ಒಂದಕ್ಕೆಂದು ಬರೆದ ತಂತ್ರಾಂಶದಿಂದ ಇನ್ನೊಂದಕ್ಕೆ ಉತ್ತರ ಪಡೆಯಲು ಹೋದಾಗಲೇ ಬಹುಪಾಲು ತೊಂದರೆಗಳು ಹುಟ್ಟುತ್ತವೆ.

ಹೀಗಾಗಿ ತಂತ್ರಾಂಶ ಎಷ್ಟು ಹೊಸದು, ಎಷ್ಟು ಹೆಸರುವಾಸಿ ಎಂದು ನೋಡುವ ಮೊದಲು ನಿಮ್ಮ ಕೈಯಲ್ಲಿ ಯಾವ ಮಾಹಿತಿ ಇದೆ ಎಂದು ನೋಡಿಕೊಳ್ಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಕೇವಲ ಒಂದು ಅನುಕ್ರಮ ಇದೆಯೇ, ಅದರ ಹತ್ತಿರದ ಪ್ರಭೇದಗಳ ಜೀನೋಮ್‌ಗಳೂ ಇವೆಯೇ, ಆರ್‌ಎನ್‌ಎ ಸೀಕ್ವೆನ್ಸಿಂಗ್ (ಜೀವಕೋಶದಲ್ಲಿರುವ ಆರ್‌ಎನ್‌ಎಗಳ ಅನುಕ್ರಮ ಓದುವುದು) ಆಗಿದೆಯೇ, ರಾಸಾಯನಿಕ ಪರೀಕ್ಷೆಯ ದತ್ತಾಂಶ ಇದೆಯೇ ಎಂಬುದರ ಮೇಲೆ ಆಯ್ಕೆ ನಿಲ್ಲುತ್ತದೆ. ಇಲ್ಲಿಯ ಹೋಲಿಕೆ ಮುಖ್ಯವಾಗಿ ಬ್ಯಾಕ್ಟೀರಿಯಾಗಳ ಸಣ್ಣ ಆರ್‌ಎನ್‌ಎಗಳಿಗೆ, ಅಂದರೆ ಸಾಮಾನ್ಯವಾಗಿ 50ರಿಂದ 400 ನ್ಯೂಕ್ಲಿಯೋಟೈಡ್ (ಅಕ್ಷರ) ಉದ್ದದವುಗಳಿಗೆ ಸಂಬಂಧಿಸಿದ್ದು. ಸಸ್ಯ ಮತ್ತು ಪ್ರಾಣಿಗಳ ಮೈಕ್ರೋಆರ್‌ಎನ್‌ಎ ಎಂಬ ಇನ್ನೂ ಚಿಕ್ಕ ನಿಯಂತ್ರಕಗಳ ವಿಚಾರ ನಡುವೆ ಚಿಕ್ಕದಾಗಿ ಬರುತ್ತದೆ.

ಮಡಿಕೆಯೊಂದನ್ನೇ ನೋಡಿ ಜೀನ್ ಹುಡುಕಬಾರದು

ಕೆಲಸ ಮಾಡುವ ಆರ್‌ಎನ್‌ಎ ಸ್ಥಿರವಾಗಿ ಮಡಿಚಿಕೊಂಡಿರುತ್ತದೆ. ಆದ್ದರಿಂದ ಜೀನೋಮಿನ ಉದ್ದಕ್ಕೂ ತುಂಡು ತುಂಡಾಗಿ ಮಡಿಕೆಯ ಶಕ್ತಿಯನ್ನು ಲೆಕ್ಕ ಹಾಕುತ್ತ ಹೋಗಿ, ಶಕ್ತಿ ತೀರ ಕೆಳಗಿರುವ (ಅಂದರೆ ಮಡಿಕೆ ಹೆಚ್ಚು ಸ್ಥಿರವಾದ) ಜಾಗಗಳನ್ನು ಆರಿಸಿಕೊಂಡರೆ ಜೀನ್‌ಗಳು ಸಿಗಬೇಕು ಎಂಬ ಯೋಚನೆ ಎಲ್ಲರಿಗೂ ಮೊದಲು ಹೊಳೆಯುತ್ತದೆ. ಎಲೆನಾ ರಿವಾಸ್ ಮತ್ತು ಶಾನ್ ಎಡ್ಡಿ ಇದನ್ನು ಪರೀಕ್ಷಿಸಿ, ಒಂದೇ ಅನುಕ್ರಮದ ಮಡಿಕೆಯ ಸ್ಥಿರತೆಯಿಂದ ಸಾಮಾನ್ಯವಾಗಿ ಆರ್‌ಎನ್‌ಎ ಜೀನ್‌ಗಳನ್ನು ಬೇರ್ಪಡಿಸಲು ಸಾಧ್ಯವಿಲ್ಲವೆಂದು 2000ದಲ್ಲಿ ತೋರಿಸಿದರು. ಯಾದೃಚ್ಛಿಕ ಅನುಕ್ರಮವೂ ಧಾರಾಳವಾಗಿ ಮಡಿಚಿಕೊಳ್ಳುತ್ತದೆ. ಮೇಲ್ನೋಟಕ್ಕೆ ಕಾಣುವ ಸಂಕೇತದ ಬಹುಪಾಲು ಆ ಜಾಗದ ಜಿ ಮತ್ತು ಸಿ ಪ್ರಮಾಣದಿಂದ ಬಂದದ್ದಾಗಿರುತ್ತದೆ.

ಆದರೂ ಒಂದು ಅನುಕ್ರಮವನ್ನು, ಅದರದೇ ಅಕ್ಷರಗಳ ಕ್ರಮ ಕಲಸಿ ಪಡೆದ ಅನುಕ್ರಮಗಳೊಡನೆ ಹೋಲಿಸಲೇಬೇಕೆಂದಿದ್ದರೆ, ಅಕ್ಕಪಕ್ಕದ ಎರಡೆರಡು ಅಕ್ಷರಗಳ ಪ್ರಮಾಣ ಬದಲಾಗದಂತೆ ಕಲಸಬೇಕು. ಮಡಿಕೆಯ ಶಕ್ತಿ ಒಂದರ ಮೇಲೊಂದು ಕೂತ ನೆರೆಯ ಜೋಡಿಗಳಿಂದ ಬರುವುದರಿಂದ, ಬಿಡಿ ಅಕ್ಷರಗಳನ್ನಷ್ಟೇ ಕಲಸಿದರೆ ನಿಮ್ಮ ಅನುಕ್ರಮ ಇರುವುದಕ್ಕಿಂತ ಸ್ಥಿರವಾಗಿ ಕಾಣಬಹುದು. ಮಡಿಕೆಯ ಸ್ಥಿರತೆಯಿಂದ ಜೀನ್ ಗುರುತಿಸಲಾಗದೆಂಬ ಮಾತಿಗೆ ಮೈಕ್ರೋಆರ್‌ಎನ್‌ಎಗಳ ಪೂರ್ವರೂಪ ಒಂದು ನಿಜವಾದ ಅಪವಾದ: ಆ ಉದ್ದನೆಯ ಹೇರ್‌ಪಿನ್‌ಗಳ (ಜೋಡಿಗಳ ಕಾಂಡ, ಅದರ ತುದಿಯಲ್ಲಿ ಕುಣಿಕೆ ಇರುವ ಮಡಿಕೆಗಳ) ಶಕ್ತಿ ಕಲಸಿದ ಅನುಕ್ರಮಗಳಿಗಿಂತ ಸ್ಪಷ್ಟವಾಗಿ ಕೆಳಗಿರುತ್ತದೆ.

ಜೀನ್ ಹುಡುಕುವ ನಾಲ್ಕು ದಾರಿಗಳು

ಎಷೆರಿಚಿಯಾ ಕೋಲೈಯ ಕೆ-12 ತಳಿಯ 46 ಲಕ್ಷ ಜೋಡಿಗಳ ಜೀನೋಮ್ 1997ರಲ್ಲಿ ಪ್ರಕಟವಾಯಿತು. ಅದರ ಸಣ್ಣ ಆರ್‌ಎನ್‌ಎಗಳನ್ನು ವ್ಯವಸ್ಥಿತವಾಗಿ ಹುಡುಕಿದ ಮೂರು ಅಧ್ಯಯನಗಳು 2001ರಲ್ಲಿ ಬಂದವು. ಒಂದು ತಂಡ ಜೀನ್‌ಗಳ ನಡುವಿನ ಖಾಲಿ ಜಾಗಗಳಲ್ಲಿ ಪ್ರಮೋಟರ್ ಮತ್ತು ಟರ್ಮಿನೇಟರ್‌ಗಳನ್ನು, ಅಂದರೆ ಆರ್‌ಎನ್‌ಎ ತಯಾರಿಕೆ ಶುರುವಾಗುವ ಮತ್ತು ಮುಗಿಯುವ ಗುರುತುಗಳನ್ನು ಹುಡುಕಿತು. ಇನ್ನೊಂದು ಹತ್ತಿರದ ಪ್ರಭೇದಗಳಲ್ಲಿ ಉಳಿದುಬಂದ ಭಾಗಗಳನ್ನು ಆರಿಸಿಕೊಂಡು ಆರ್‌ಎನ್‌ಎ ನಿಜವಾಗಿ ಇದೆಯೇ ಎಂದು ಮೈಕ್ರೋಅರೇ ಮತ್ತು ನಾರ್ದರ್ನ್ ಬ್ಲಾಟ್ ಪ್ರಯೋಗಗಳಿಂದ ಪರೀಕ್ಷಿಸಿತು. ಮೂರನೆಯದು ಕ್ಯೂಆರ್‌ಎನ್‌ಎ ಎಂಬ ತಂತ್ರಾಂಶದಿಂದ ಜೋಡಿಗಳ ವಿಕಾಸದ ಗುರುತು ಹುಡುಕಿತು. ಇಂದು ಬಳಕೆಯಲ್ಲಿರುವ ವಿಧಾನಗಳಲ್ಲಿ ಎರಡು, ಆ ವರ್ಷ ಹಾಕಿಕೊಟ್ಟ ದಾರಿಗಳ ಮುಂದುವರಿಕೆ. ಅವುಗಳ ಆಚೀಚೆ ಪರಿಚಿತ ಕುಟುಂಬಗಳ ಹುಡುಕಾಟ ಮತ್ತು ಸೀಕ್ವೆನ್ಸಿಂಗ್ ಸೇರಿಕೊಂಡಿವೆ.

ಯಾವ ಜೀನೋಮೇ ಆಗಲಿ, ಮೊದಲು ಮಾಡಬೇಕಾದದ್ದು ಪರಿಚಿತ ಆರ್‌ಎನ್‌ಎ ಕುಟುಂಬಗಳ ಆರ್‌ಫ್ಯಾಮ್ ಸಂಗ್ರಹದ ಮಾದರಿಗಳನ್ನು ಇನ್ಫರ್ನಲ್ ತಂತ್ರಾಂಶದ ಮೂಲಕ ಓಡಿಸುವುದು. ಸಾಮಾನ್ಯ ಅನುಕ್ರಮ ಹುಡುಕಾಟದ ತಂತ್ರಾಂಶವಾದ ಬ್ಲಾಸ್ಟ್ ಅಕ್ಷರಗಳ ಹೋಲಿಕೆಯನ್ನಷ್ಟೇ ನೋಡುತ್ತದೆ. ಇನ್ಫರ್ನಲ್‌ನ ಸಹವ್ಯತ್ಯಯ ಮಾದರಿ ಯಾವ ಸ್ಥಾನ ಯಾವ ಸ್ಥಾನದೊಡನೆ ಜೋಡಿಯಾಗಬೇಕು ಎಂಬುದನ್ನೂ ಅಂಕಕ್ಕೆ ಸೇರಿಸುತ್ತದೆ. ಇದರ ಬೆಲೆ 6ಎಸ್ ಆರ್‌ಎನ್‌ಎಯಲ್ಲಿ ಕಾಣುತ್ತದೆ. ಎಷೆರಿಚಿಯಾ ಕೋಲೈಯಲ್ಲಿ 184 ನ್ಯೂಕ್ಲಿಯೋಟೈಡ್ ಉದ್ದವಿರುವ ಇದು, ಡಿಎನ್‌ಎಯಿಂದ ಆರ್‌ಎನ್‌ಎ ತಯಾರಿಸುವ ಕಿಣ್ವವಾದ ಆರ್‌ಎನ್‌ಎ ಪಾಲಿಮರೇಸ್‌ಗೆ ಅಂಟಿಕೊಂಡು ಅದರ ಕೆಲಸವನ್ನು ತಗ್ಗಿಸುತ್ತದೆ. ದೂರದ ಬ್ಯಾಕ್ಟೀರಿಯಾಗಳಲ್ಲಿ ಅಕ್ಷರಗಳು ಬಹಳ ಬದಲಾಗಿದ್ದರೂ ಎರಡು ಕಾಂಡಗಳ ನಡುವೆ ದೊಡ್ಡ ಗುಳ್ಳೆಯಿರುವ ಅದರ ರೂಪ ಹಾಗೇ ಉಳಿದಿದೆ. ಇನ್ಫರ್ನಲ್‌ನ 2013ರ 1.1 ಆವೃತ್ತಿ ಹಿಂದಿನದಕ್ಕಿಂತ ಸುಮಾರು 100 ಪಟ್ಟು ವೇಗವಾದ್ದರಿಂದ ಬ್ಯಾಕ್ಟೀರಿಯಾದ ಜೀನೋಮನ್ನು ಸಾಮಾನ್ಯ ಲ್ಯಾಪ್‌ಟಾಪ್‌ನಲ್ಲೇ ಪರಿಶೀಲಿಸಬಹುದು. ಪ್ರತಿ ಕುಟುಂಬಕ್ಕೂ ಆರ್‌ಫ್ಯಾಮ್ ಸಂಪಾದಕರು ನಿಗದಿಪಡಿಸಿದ ಅಂಕದ ಮಿತಿಯನ್ನೇ ಬಳಸಿ. ಇ-ಮೌಲ್ಯವನ್ನು (ಆಕಸ್ಮಿಕವಾಗಿ ಸಿಗಬಹುದಾದ ಹೊಂದಿಕೆಗಳ ಅಂದಾಜು ಸಂಖ್ಯೆಯನ್ನು) ನಿಮ್ಮ ಅಂದಾಜಿನ ಮೇಲೆ ಸಡಿಲಿಸಬೇಡಿ. ಈ ದಾರಿಯ ಕೊರತೆಯೂ ಸ್ಪಷ್ಟ. ಸಂಗ್ರಹದಲ್ಲಿಲ್ಲದ ಕುಟುಂಬ ನಿಮ್ಮ ಜೀನೋಮಿನಲ್ಲಿದ್ದರೆ ಇನ್ಫರ್ನಲ್ ಅದರ ಬಗ್ಗೆ ಏನನ್ನೂ ಹೇಳಲಾರದು.

ಹೊಸ ಕುಟುಂಬಗಳನ್ನು ಹುಡುಕಲು ಹತ್ತಿರದ ಜೀನೋಮ್‌ಗಳನ್ನು ಹೋಲಿಸುವ ಆರ್‌ಎನ್‌ಎಝಡ್ ಇದೆ. 2005ರಲ್ಲಿ ಬಂದ ಇದು ಸರಿಹೊಂದಿಸಿದ ಅನುಕ್ರಮಗಳಲ್ಲಿ ಮಡಿಕೆಯ ಸ್ಥಿರತೆಯನ್ನೂ, ಎಲ್ಲ ಪ್ರಭೇದಗಳಲ್ಲೂ ಒಂದೇ ಮಡಿಕೆ ಉಳಿದಿದೆಯೇ ಎಂಬುದನ್ನೂ ಒಟ್ಟಿಗೆ ತೂಗುತ್ತದೆ. ಇದರ ಫಲಿತಾಂಶ ನೀವು ಆರಿಸುವ ಪ್ರಭೇದಗಳ ಮೇಲೆ ನಿಲ್ಲುತ್ತದೆ. ಒಂದೇ ಪ್ರಭೇದದ ತಳಿಗಳನ್ನಷ್ಟೇ ಸೇರಿಸಿದರೆ ಬದಲಾವಣೆಗಳೇ ಇಲ್ಲದ ಕಾರಣ ಹೇಳಲು ಏನೂ ಉಳಿಯುವುದಿಲ್ಲ. ತೀರ ದೂರದವನ್ನು ಸೇರಿಸಿದರೆ ಅನುಕ್ರಮಗಳ ಸರಿಹೊಂದಿಕೆಯೇ ಕೆಟ್ಟು, ಇಲ್ಲದ ಮಡಿಕೆಗಳು ಕಾಣುತ್ತವೆ ಅಥವಾ ಇರುವ ಮಡಿಕೆಗಳು ಕಾಣೆಯಾಗುತ್ತವೆ. ಸುಳ್ಳು ಸಂಕೇತಗಳೂ ಧಾರಾಳವಾಗಿ ಬರುವುದರಿಂದ ಇದರ ಪಟ್ಟಿಯನ್ನು ಪೂರಕ ಸಾಕ್ಷಿಯಾಗಿ ಮಾತ್ರ ಇಟ್ಟುಕೊಳ್ಳಿ.

ಮೂರನೆಯ ದಾರಿ ಟರ್ಮಿನೇಟರ್‌ಗಳದ್ದು. ಜಿ ಮತ್ತು ಸಿ ತುಂಬಿದ ಕಾಂಡ, ಅದರ ಹಿಂದೆಯೇ ಯು ಅಕ್ಷರಗಳ ಸಾಲು, ಇದು ರೋ ಪ್ರೋಟೀನಿನ ನೆರವಿಲ್ಲದ ಟರ್ಮಿನೇಟರಿನ ಪರಿಚಿತ ರೂಪ. ಟ್ರಾನ್ಸ್‌ಟರ್ಮ್‌ಎಚ್‌ಪಿ ಇಂಥವನ್ನು ಹುಡುಕುತ್ತದೆ. ಎಸ್‌ಆರ್‌ಎನ್‌ಎಪ್ರಿಡಿಕ್ಟ್ ಮತ್ತು ಅದರ ಮುಂದಿನ ರೂಪವಾದ ಸಿಪ್ಟ್ ಅದಕ್ಕೆ ಪ್ರಭೇದಗಳ ನಡುವಿನ ಹೋಲಿಕೆಯನ್ನು ಸೇರಿಸುತ್ತವೆ. ಎಷೆರಿಚಿಯಾ ಕೋಲೈ, ಸಾಲ್ಮೊನೆಲ್ಲಾ, ಬ್ಯಾಸಿಲಸ್‌ಗಳಿಗೆ ಇದು ಒಪ್ಪುತ್ತದೆ, ಕ್ಷಯದ ಬ್ಯಾಕ್ಟೀರಿಯಾಕ್ಕೆ ಅಷ್ಟಾಗಿ ಒಪ್ಪುವುದಿಲ್ಲ. ಕ್ಷಯದ ಬ್ಯಾಕ್ಟೀರಿಯಾ ಸೇರಿದ ಮೈಕೋಬ್ಯಾಕ್ಟೀರಿಯಾಗಳಲ್ಲಿ ಯು ಸಾಲಿರುವ ಟರ್ಮಿನೇಟರ್‌ಗಳು ವಿರಳವೆಂದು ಗಮನಿಸಿದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿ. ನಾಗರಾಜ ಅವರ ತಂಡ, ಯು ಸಾಲಿಲ್ಲದ ಹೇರ್‌ಪಿನ್‌ಗಳೂ ಟರ್ಮಿನೇಟರ್‌ಗಳಾಗಬಲ್ಲವೆಂದು 2001ರಲ್ಲಿ ವಾದಿಸಿ, ಅಂಥವನ್ನೂ ಹುಡುಕುವ ಜೆಸ್ಟರ್ ಎಂಬ ತಂತ್ರಾಂಶವನ್ನು ರೂಪಿಸಿತು. ಮೈಕೋಬ್ಯಾಕ್ಟೀರಿಯಾದ ಪಾಲಿಮರೇಸ್‌ಗೂ ಯು ಸಾಲು ಬೇಕೆಂದು ತೋರಿಸುವ ಪ್ರಯೋಗಗಳು 2014ರಲ್ಲಿ ಪ್ರಕಟವಾದವು. ಎರಡು ತಂತ್ರಾಂಶಗಳ ನಡುವಿನ ಆಯ್ಕೆ ಇಲ್ಲಿ ಜೀವಶಾಸ್ತ್ರದ ಒಂದು ತೆರೆದ ಚರ್ಚೆಯಲ್ಲಿ ಪಕ್ಷ ಹಿಡಿಯುವುದಕ್ಕೆ ಸಮ; ಅದನ್ನು ತಿಳಿದೇ ಮಾಡಬೇಕು.

ನಾಲ್ಕನೆಯದು ಆರ್‌ಎನ್‌ಎ ಸೀಕ್ವೆನ್ಸಿಂಗ್. ಇದಕ್ಕೆ ಅವಕಾಶವಿದ್ದರೆ ಬೇರೆ ಯೋಚನೆ ಬೇಡ, ಇದನ್ನೇ ಆರಿಸಿ. ಪರಿಚಿತ ಕುಟುಂಬಗಳನ್ನು ಅಥವಾ ಮುಖ್ಯವಾಗಿ ಜೀನ್‌ಗಳ ನಡುವಿನ ಜಾಗವನ್ನು ಜಾಲಾಡುವ ಮೊದಲ ಮೂರು ದಾರಿಗಳಿಗೆ ಸುಲಭವಾಗಿ ಸಿಗದ ಒಂದು ಇಡೀ ವರ್ಗ ಇದರಲ್ಲಿ ಸಿಗುತ್ತದೆ. ಸಾಲ್ಮೊನೆಲ್ಲಾದ ಸಿಪಿಎಕ್ಸ್‌ಕ್ಯೂ ಎಂಬ ಸಣ್ಣ ಆರ್‌ಎನ್‌ಎಗೆ ಸ್ವಂತ ಪ್ರಮೋಟರ್ ಇಲ್ಲ; ಒಂದು ಪ್ರೋಟೀನಿನ ಎಂಆರ್‌ಎನ್‌ಎಯ ಬಾಲವನ್ನು ಆರ್‌ಎನ್‌ಏಸ್ ಇ ಎಂಬ ಕಿಣ್ವ ಕತ್ತರಿಸಿದಾಗ ಅದು ಹುಟ್ಟುತ್ತದೆ. ಸೀಕ್ವೆನ್ಸಿಂಗ್‌ನ ಒಳಗೂ ಆಯ್ಕೆಗಳಿವೆ. ತುದಿಯಲ್ಲಿ ಒಂದೇ ಫಾಸ್ಫೇಟ್ ಇರುವ, ಅಂದರೆ ಕತ್ತರಿಸಿ ಹುಟ್ಟಿದ ತುಂಡುಗಳನ್ನು ತಿಂದುಹಾಕುವ ಕಿಣ್ವವನ್ನು ಬಳಸುವ ವಿಧಾನ 2010ರಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿಯ ಅಧ್ಯಯನದಿಂದ ಪ್ರಸಿದ್ಧವಾಯಿತು. ಪ್ರತಿಲೇಖನ (ಡಿಎನ್‌ಎಯಿಂದ ಆರ್‌ಎನ್‌ಎ ನಕಲಿಸುವುದು) ನಿಖರವಾಗಿ ಎಲ್ಲಿ ಆರಂಭವಾಗುತ್ತದೆ ಎಂಬುದನ್ನು ಅದು ಚೆನ್ನಾಗಿ ತೋರಿಸುತ್ತದೆ, ಆದರೆ ಸಿಪಿಎಕ್ಸ್‌ಕ್ಯೂ ತರಹದ ಕತ್ತರಿಸಿದ ತುಂಡುಗಳನ್ನು ಅಳಿಸುತ್ತದೆ. ಆದ್ದರಿಂದ ಕಿಣ್ವ ಹಾಕಿದ ಮತ್ತು ಹಾಕದ ಎರಡೂ ಮಾದರಿಗಳು ಬೇಕು. ಇವನ್ನು ವಿಶ್ಲೇಷಿಸಲು ಅನ್ನೋಜೆಸಿಕ್ ಹೇಳಿ ಮಾಡಿಸಿದ್ದು. ಪ್ರಮೋಟರ್, ಟರ್ಮಿನೇಟರ್, ಸಣ್ಣ ಆರ್‌ಎನ್‌ಎ ಎಲ್ಲವನ್ನೂ ಒಂದೇ ಕಡೆ ಗುರುತಿಸುತ್ತದೆ, ಆದರೆ ಕಮಾಂಡ್ ಲೈನ್ ಅಭ್ಯಾಸವಿರಬೇಕು. ಕಿಣ್ವದ ಮಾದರಿ ಇಲ್ಲದ ಸಾಮಾನ್ಯ ದತ್ತಾಂಶಕ್ಕೆ ರಾಕ್‌ಹಾಪರ್ ಸುಲಭ, ಮೌಸ್ ಹಿಡಿದೇ ನಡೆಸಬಹುದು. ಅದು ಗುರುತಿಸುವ ತುದಿಗಳು ಮಾತ್ರ ಅಷ್ಟು ನಿಖರವಲ್ಲ.

ಲೈಬ್ರರಿ, ಅಂದರೆ ಸೀಕ್ವೆನ್ಸಿಂಗ್‌ಗೆ ಕೊಡುವ ಮಾದರಿಯನ್ನು ತಯಾರಿಸುವ ಹಂತದ ಬಗ್ಗೆ ಒಂದು ಮಾತು ಹೇಳಲೇಬೇಕು. ಆರ್‌ಎನ್‌ಎ ಶುದ್ಧೀಕರಣದ ಅನೇಕ ಕಾಲಮ್‌ಗಳು 200 ನ್ಯೂಕ್ಲಿಯೋಟೈಡ್‌ಗಿಂತ ಚಿಕ್ಕ ತುಂಡುಗಳನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಕಬ್ಬಿಣದ ಕೊರತೆಯಲ್ಲಿ ಕೆಲಸ ಮಾಡುವ ಆರ್‌ವೈಎಚ್‌ಬಿ ಎಂಬ ಸಣ್ಣ ಆರ್‌ಎನ್‌ಎಯ ಉದ್ದ ಕೇವಲ 90. ಅಂಥ ಕಾಲಮ್‌ನಿಂದ ಬಂದ ದತ್ತಾಂಶದಲ್ಲಿ ಅದನ್ನು ಯಾವ ತಂತ್ರಾಂಶದಿಂದ ಹುಡುಕಿದರೂ ಫಲವಿಲ್ಲ. ಸೀಕ್ವೆನ್ಸಿಂಗ್ ಬೇರೆ ಕಡೆ ಮಾಡಿಸುವವರು ಈ ಪ್ರಶ್ನೆಯನ್ನು ಹಣ ಕಟ್ಟುವ ಮೊದಲೇ ಕೇಳಬೇಕು.

ಪ್ರೋಟೀನ್ ಸಂಕೇತ ಕಂಡಿತೆಂದು ಒಂದು ಅಭ್ಯರ್ಥಿಯನ್ನು ತಳ್ಳಿಹಾಕುವುದೂ ಸರಿಯಲ್ಲ. 227 ನ್ಯೂಕ್ಲಿಯೋಟೈಡ್‌ಗಳ ಎಸ್‌ಜಿಆರ್‌ಎಸ್ ನಿಯಂತ್ರಕ ಆರ್‌ಎನ್‌ಎಯೂ ಹೌದು, 43 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನಿನ ಸಂಕೇತವೂ ಹೌದು.

ಸಸ್ಯ ಮತ್ತು ಪ್ರಾಣಿಗಳಲ್ಲಿ ಆಯ್ಕೆ ಇದಕ್ಕಿಂತ ಸರಳ. ಪ್ರಾಣಿಗಳ ಮೈಕ್ರೋಆರ್‌ಎನ್‌ಎಗಳಿಗೆ ಮಿರ್‌ಡೀಪ್2 ನೆಲೆನಿಂತ ಆಯ್ಕೆ. ಸುಮಾರು 70 ನ್ಯೂಕ್ಲಿಯೋಟೈಡ್‌ಗಳ ಹೇರ್‌ಪಿನ್ ಮೇಲೆ ಸೀಕ್ವೆನ್ಸಿಂಗ್ ತುಂಡುಗಳು ಕತ್ತರಿಕೆಯ ಗುರುತಿಗೆ ತಕ್ಕಂತೆ ಕೂರುತ್ತವೆಯೇ ಎಂದು ಅದು ನೋಡುತ್ತದೆ. ಸಸ್ಯಗಳ ಹೇರ್‌ಪಿನ್‌ಗಳು ಉದ್ದದಲ್ಲೂ ರೂಪದಲ್ಲೂ ಬಹಳ ಬೇರೆಯಾಗಿರುವುದರಿಂದ ಅಲ್ಲಿ ಶಾರ್ಟ್‌ಸ್ಟ್ಯಾಕ್ ಬಳಸಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ತಂಡ 2017ರಲ್ಲಿ ಪ್ರಕಟಿಸಿದ ರಾಗಿಯ ಜೀನೋಮಿನ ಮೇಲೆ ಕೆಲಸ ಮಾಡುವವರಿಗೆ ಇದಕ್ಕೆ ಇನ್ನೊಂದು ಕಾರಣವಿದೆ. ರಾಗಿ ಎರಡು ಪೂರ್ವಜರ ಜೀನೋಮ್‌ಗಳನ್ನು ಹೊತ್ತ ಬೆಳೆ; ಒಂದೇ ತುಂಡು ಎರಡೂ ಕಡೆ ಹೊಂದುವುದು ಅಲ್ಲಿ ಸಹಜ. ಅಂಥ ತುಂಡುಗಳನ್ನು ಎಸೆಯದೆ, ಸುತ್ತಲಿನ ಒಂದೇ ಕಡೆ ಹೊಂದುವ ತುಂಡುಗಳ ಪ್ರಮಾಣವನ್ನು ನೋಡಿ ಶಾರ್ಟ್‌ಸ್ಟ್ಯಾಕ್ ಜಾಗ ನಿಗದಿಪಡಿಸುತ್ತದೆ.

ಮಡಿಕೆಯ ಊಹೆ

ಇಲ್ಲಿ ತಂತ್ರಾಂಶಗಳ ಸಂಖ್ಯೆ ದೊಡ್ಡದು, ಆದರೆ ಒಳಗಿನ ವಿಚಾರಗಳು ಕೆಲವೇ. ಮೈಕೆಲ್ ಝೂಕರ್ ಮತ್ತು ಪ್ಯಾಟ್ರಿಕ್ ಸ್ಟೀಗ್ಲರ್ 1981ರಲ್ಲಿ ಕೊಟ್ಟ ವಿಧಾನದಲ್ಲಿ ಒಟ್ಟು ಶಕ್ತಿ ಅತಿ ಕಡಿಮೆಯಾಗುವ ಮಡಿಕೆಯನ್ನು ಹುಡುಕಲಾಗುತ್ತದೆ, ಶಕ್ತಿಯ ಮೌಲ್ಯಗಳು ಡಗ್ಲಾಸ್ ಟರ್ನರ್ ಅವರ ಪ್ರಯೋಗಾಲಯದ ಅಳತೆಗಳಿಂದ ಬರುತ್ತವೆ. ಲೆಕ್ಕ ಹೇಗೆ ನಡೆಯುತ್ತದೆ ಎಂಬುದನ್ನು ಒಂದು ಪುಟ್ಟ ಹೇರ್‌ಪಿನ್‌ನಲ್ಲಿ ನೋಡಬಹುದು. ನಾಲ್ಕು ಜಿ, ನಾಲ್ಕು ಅಕ್ಷರಗಳ ಕುಣಿಕೆ, ಮತ್ತೆ ನಾಲ್ಕು ಸಿ ಇವೆ ಎಂದುಕೊಳ್ಳಿ. ನಾಲ್ಕು ಜೋಡಿಗಳೆಂದರೆ ಒಂದರ ಮೇಲೊಂದು ಕೂತ ಮೂರು ಸ್ತರಗಳು; ಪ್ರತಿ ಸ್ತರಕ್ಕೆ ಮೋಲ್‌ಗೆ ಸುಮಾರು −3.3 ಕಿಲೋಕ್ಯಾಲೊರಿಯಂತೆ ಒಟ್ಟು −9.8. ನಾಲ್ಕು ಅಕ್ಷರಗಳ ಕುಣಿಕೆ ಕಟ್ಟಲು +5.6 ತೆರಬೇಕು. ಉಳಿಯುವುದು ಸುಮಾರು −4.2, ಮಡಿಕೆ ನಿಲ್ಲುತ್ತದೆ. ಜಿ ಬದಲು ಎ, ಸಿ ಬದಲು ಯು ಇಟ್ಟರೆ ಮೂರು ಸ್ತರಗಳಿಂದ ಸಿಗುವುದು −2.8 ಮಾತ್ರ, ಕುಣಿಕೆಯ ಬೆಲೆ ಅಷ್ಟೇ ಇರುವುದರಿಂದ ಲೆಕ್ಕ ಧನಾತ್ಮಕವಾಗಿ ಉಳಿದು ಕಾಂಡ ಕಟ್ಟುವುದೇ ಇಲ್ಲ. ಕುಣಿಕೆಯ ಪಕ್ಕದ ಅಕ್ಷರಗಳಿಂದಲೂ ಕಾಂಡದ ತುದಿಯಿಂದಲೂ ಬರುವ ಸಣ್ಣ ತಿದ್ದುಪಡಿಗಳನ್ನು ನಾನು ಇಲ್ಲಿ ಬಿಟ್ಟಿದ್ದೇನೆ.

ಎಂಫೋಲ್ಡ್, ವಿಯೆನ್ನಾ ಆರ್‌ಎನ್‌ಎ ಪ್ಯಾಕೇಜಿನ ಆರ್‌ಎನ್‌ಎಫೋಲ್ಡ್, ರಾಚೆಸ್ಟರ್‌ನ ಆರ್‌ಎನ್‌ಎಸ್ಟ್ರಕ್ಚರ್ ಮೂರೂ ಇದೇ ಲೆಕ್ಕದ ಮೇಲೆ ನಿಂತಿರುವುದರಿಂದ ಇವುಗಳಲ್ಲಿ ಯಾವುದು ಹೆಚ್ಚು ನಿಖರವೆಂದು ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ಸಾವಿರಾರು ಅನುಕ್ರಮಗಳನ್ನು ಸ್ಕ್ರಿಪ್ಟ್ ಬರೆದು ನಡೆಸುವವರಿಗೆ ಆರ್‌ಎನ್‌ಎಫೋಲ್ಡ್, ಪರದೆಯ ಮೇಲೆ ಚಿತ್ರ ನೋಡುತ್ತ ಕೆಲಸ ಮಾಡುವವರಿಗೆ ಆರ್‌ಎನ್‌ಎಸ್ಟ್ರಕ್ಚರ್ ಅನುಕೂಲ. ಇವು ಎಷ್ಟು ನಂಬಲರ್ಹ? 700 ನ್ಯೂಕ್ಲಿಯೋಟೈಡ್‌ಗಿಂತ ಚಿಕ್ಕ ಆರ್‌ಎನ್‌ಎಗಳಲ್ಲಿ ತಿಳಿದಿರುವ ಜೋಡಿಗಳ ಸರಾಸರಿ 73% ಸರಿಯಾಗಿ ಬರುತ್ತವೆಂದು 1999ರ ಮಾಪನ ಹೇಳಿತು. ರೈಬೋಸೋಮಿನ 16ಎಸ್‌ನಂಥ ಉದ್ದನೆಯವುಗಳಲ್ಲಿ ಅದು ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಸಣ್ಣ ಆರ್‌ಎನ್‌ಎಗಳ ಮಟ್ಟಿಗೆ ಉದ್ದ ನಮ್ಮ ಪರವಾಗಿದೆ, ಆದರೂ ನಾಲ್ಕರಲ್ಲಿ ಒಂದು ಜೋಡಿ ತಪ್ಪಿರಬಹುದೆಂಬ ಎಚ್ಚರ ಇರಬೇಕು.

ತಂತ್ರಾಂಶದ ಆಯ್ಕೆಗಿಂತ ಅದರ ಯಾವ ಫಲಿತಾಂಶವನ್ನು ಓದುತ್ತೀರಿ ಎಂಬುದು ಇಲ್ಲಿ ಮುಖ್ಯ. 37 ಡಿಗ್ರಿ ಸೆಲ್ಸಿಯಸ್‌ನಲ್ಲಿ 1.4 ಕಿಲೋಕ್ಯಾಲೊರಿಯ ವ್ಯತ್ಯಾಸವೆಂದರೆ ಪ್ರಮಾಣದಲ್ಲಿ ಹತ್ತು ಪಟ್ಟು. ಅರ್ಧ ಕಿಲೋಕ್ಯಾಲೊರಿ ಅಂತರದಲ್ಲಿ ನಾಲ್ಕಾರು ಬೇರೆ ಮಡಿಕೆಗಳಿದ್ದರೆ, ಅತಿ ಕಡಿಮೆ ಶಕ್ತಿಯದೆಂದು ಚಿತ್ರ ಬರೆದು ತೋರಿಸುವ ಮಡಿಕೆಯೊಂದಕ್ಕೇ ವಿಶೇಷ ಹಕ್ಕಿಲ್ಲ. ಜಾನ್ ಮೆಕ್‌ಕ್ಯಾಸ್ಕಿಲ್ 1990ರಲ್ಲಿ ಕೊಟ್ಟ ವಿಧಾನ ಎಲ್ಲ ಮಡಿಕೆಗಳನ್ನೂ ತೂಕಕ್ಕೆ ತಕ್ಕಂತೆ ಸೇರಿಸಿ ಪ್ರತಿ ಜೋಡಿಯ ಸಂಭವನೀಯತೆಯನ್ನು ಹೇಳುತ್ತದೆ. ಆರ್‌ಎನ್‌ಎಫೋಲ್ಡ್‌ನಲ್ಲಿ ಅದಕ್ಕೆ ಪಿ ಎಂಬ ಆಯ್ಕೆ ಇದೆ. ಅದನ್ನು ಯಾವಾಗಲೂ ಹಾಕಿ, ಸಂಭವನೀಯತೆ ಕಡಿಮೆಯಿದ್ದು ಚಿತ್ರದಲ್ಲಿ ಬಣ್ಣ ತೆಳುವಾದ ಭಾಗಗಳ ಬಗ್ಗೆ ಏನನ್ನೂ ಘೋಷಿಸಬೇಡಿ. ಉಷ್ಣಾಂಶವನ್ನೂ ಗಮನಿಸಿ: ಮೊದಲೇ ಹೊಂದಿಸಿಟ್ಟ 37 ಡಿಗ್ರಿ, 28 ಡಿಗ್ರಿಯಲ್ಲಿ ಬೆಳೆಸುವ ಮಣ್ಣಿನ ಬ್ಯಾಕ್ಟೀರಿಯಾಕ್ಕೆ ಸರಿಹೊಂದದು.

ಮೌಲ್ಯಗಳನ್ನು ದತ್ತಾಂಶದಿಂದಲೇ ಕಲಿಯುವ ಕಾಂಟ್ರಾಫೋಲ್ಡ್ 2006ರಲ್ಲಿ ಬಂತು. ಈಟರ್ನಾ ಎಂಬ ಆನ್‌ಲೈನ್ ಆಟದಲ್ಲಿ ಜನಸಾಮಾನ್ಯರು ವಿನ್ಯಾಸಗೊಳಿಸಿದ ಆರ್‌ಎನ್‌ಎಗಳ ಪ್ರಯೋಗ ಫಲಿತಾಂಶಗಳಿಂದ ಕಲಿತ ಈಟರ್ನಾಫೋಲ್ಡ್ 2022ರದ್ದು. ಇವೆರಡನ್ನೂ ಆರ್‌ಎನ್‌ಎಫೋಲ್ಡ್ ಜೊತೆ ನಡೆಸಿ ನೋಡುವುದು ಒಳ್ಳೆಯದು. ಮೂರೂ ಒಪ್ಪುವ ಕಾಂಡದ ಮೇಲೆ ಹೆಚ್ಚು ಭರವಸೆ ಇಡಬಹುದು.

ಡೀಪ್ ಲರ್ನಿಂಗ್ ಮಾದರಿಗಳ ಬಗ್ಗೆ ನನ್ನ ನಿಲುವು ಇಷ್ಟು ಉದಾರವಾಗಿಲ್ಲ. ಸ್ಪಾಟ್-ಆರ್‌ಎನ್‌ಎ, ಯುಫೋಲ್ಡ್ ಮುಂತಾದವು ಪರೀಕ್ಷೆಗಳಲ್ಲಿ ಬಹಳ ಎತ್ತರದ ಅಂಕ ತೋರಿಸಿದವು. ಆದರೆ ತಿಳಿದಿರುವ ಮಡಿಕೆಗಳ ಸಂಗ್ರಹದಲ್ಲಿ ಟಿಆರ್‌ಎನ್‌ಎ, 5ಎಸ್‌ನಂಥ ಕೆಲವೇ ಕುಟುಂಬಗಳು ತುಂಬಿಕೊಂಡಿವೆ. ಕಲಿಕೆಗೂ ಪರೀಕ್ಷೆಗೂ ಅದೇ ಕುಟುಂಬದ ಸದಸ್ಯರು ಬಂದರೆ ಅಂಕ ಏರುವುದು ಸಹಜ. ಕುಟುಂಬಗಳನ್ನೇ ಬೇರ್ಪಡಿಸಿ ಪರೀಕ್ಷಿಸಿದಾಗ ಇಂಥ ಮಾದರಿಗಳ ನಿಖರತೆ ಕುಸಿಯುತ್ತದೆಂದು 2022ರ ಒಂದು ಅಧ್ಯಯನ ತೋರಿಸಿತು. ನೀವು ಹೊಸದಾಗಿ ಕಂಡುಹಿಡಿದ ಸಣ್ಣ ಆರ್‌ಎನ್‌ಎ ಅವುಗಳ ಕಲಿಕೆಯಲ್ಲಿದ್ದ ಯಾವ ಕುಟುಂಬಕ್ಕೂ ಸೇರದಿರುವ ಸಾಧ್ಯತೆಯೇ ಹೆಚ್ಚು. ಈ ಬಗೆಯದ್ದು ಬೇಕೇ ಬೇಕೆಂದರೆ ಟರ್ನರ್ ಮೌಲ್ಯಗಳನ್ನು ಕೈಬಿಡದೆ ಕಲಿಕೆಯನ್ನು ಅದಕ್ಕೆ ಕಟ್ಟಿಹಾಕಿರುವ ಎಂಎಕ್ಸ್‌ಫೋಲ್ಡ್2 ಆರಿಸಿ. ಮೂರು ಆಯಾಮಗಳ ಊಹೆ ಇನ್ನೂ ಹಿಂದಿದೆ: ಅಣುಗಳ ರಚನೆ ಊಹಿಸುವ ಕ್ಯಾಸ್ಪ್ ಸ್ಪರ್ಧೆಯ 2022ರ ಸುತ್ತಿನಲ್ಲಿ ಆರ್‌ಎನ್‌ಎ ವಿಭಾಗದ ಮುಂಚೂಣಿಯಲ್ಲಿದ್ದದ್ದು ತಜ್ಞರ ಕೈ ಸೇರಿದ ವಿಧಾನಗಳೇ.

ಹತ್ತಿರದ ಪ್ರಭೇದಗಳಲ್ಲಿ ನಿಮ್ಮ ಆರ್‌ಎನ್‌ಎಯ ಬಂಧುಗಳು ಸಿಕ್ಕಿದರೆ ಇಡೀ ಚಿತ್ರ ಬದಲಾಗುತ್ತದೆ. ಒಂದು ಪ್ರಭೇದದಲ್ಲಿ ಜಿ-ಸಿ ಇದ್ದಲ್ಲಿ ಇನ್ನೊಂದರಲ್ಲಿ ಎ-ಯು ಬಂದಿದ್ದರೆ, ಎರಡು ಕಡೆಯ ಅಕ್ಷರಗಳೂ ಬದಲಾಗಿ ಜೋಡಿ ಮಾತ್ರ ಉಳಿದಿದ್ದರೆ, ಆ ಮಡಿಕೆಯನ್ನು ವಿಕಾಸವೇ ಕಾಪಾಡಿದೆ ಎನ್ನಬಹುದು. ಆರ್‌ಎನ್‌ಎಅಲಿಫೋಲ್ಡ್ ಇಂಥ ಬದಲಾವಣೆಗಳಿಗೆ ಅಂಕ ಕೊಟ್ಟು ಎಲ್ಲಕ್ಕೂ ಒಪ್ಪುವ ಮಡಿಕೆಯನ್ನು ಊಹಿಸುತ್ತದೆ. ಆರ್-ಸ್ಕೇಪ್ ಮುಂದಕ್ಕೆ ಹೋಗಿ, ಆ ಬದಲಾವಣೆಗಳು ಕೇವಲ ವಂಶಾವಳಿಯಿಂದಲೇ ಬರಬಹುದಾಗಿದ್ದುವೇ ಎಂದು ಸಂಖ್ಯಾಶಾಸ್ತ್ರದ ಪರೀಕ್ಷೆಗೆ ಒಡ್ಡುತ್ತದೆ. ಹಾಟೇರ್‌ನಂಥ ಹೆಸರಾಂತ ಉದ್ದನೆಯ ಆರ್‌ಎನ್‌ಎಗಳಿಗೆ ಪ್ರಕಟವಾಗಿದ್ದ ಮಡಿಕೆಗಳಿಗೆ ಇಂಥ ಬೆಂಬಲ ಇಲ್ಲವೆಂದು ಅದರ ಕರ್ತೃಗಳು 2017ರಲ್ಲಿ ತೋರಿಸಿದರು. ಎರಡನ್ನೂ ಜೊತೆಯಾಗಿ ಬಳಸಿ.

ಜೋಡಿಯಾಗದ ಅಕ್ಷರಗಳನ್ನು ರಾಸಾಯನಿಕದಿಂದ ಗುರುತು ಮಾಡುವ ಷೇಪ್ ಅಥವಾ ಡಿಎಂಎಸ್ ಪರೀಕ್ಷೆಯ ದತ್ತಾಂಶ ಇದ್ದರೆ ಆರ್‌ಎನ್‌ಎಸ್ಟ್ರಕ್ಚರ್, ಆರ್‌ಎನ್‌ಎಫೋಲ್ಡ್ ಎರಡೂ ಅದನ್ನು ಸ್ವೀಕರಿಸುತ್ತವೆ, ಊಹೆ ಗಮನಾರ್ಹವಾಗಿ ಸುಧಾರಿಸುತ್ತದೆ. ಪ್ರಯೋಗ ಜೀವಕೋಶದ ಒಳಗೆ ನಡೆಯಿತೇ ಹೊರಗೆ ನಡೆಯಿತೇ ಎಂಬುದನ್ನು ಬರೆದಿಡಿ. ಒಳಗೆ, ಸಣ್ಣ ಆರ್‌ಎನ್‌ಎಗಳನ್ನು ಹಿಡಿದುಕೊಳ್ಳುವ ಎಚ್‌ಎಫ್‌ಕ್ಯೂ ಪ್ರೋಟೀನ್ ಅಂಟಿದ ಜಾಗವೂ ಜೋಡಿಯಾದ ಜಾಗದಂತೆಯೇ ಮೌನವಾಗಿ ಕಾಣಬಹುದು. ಒಂದು ಕಾಂಡದ ಕುಣಿಕೆಯೊಳಗಿನ ಅಕ್ಷರಗಳು ಹೊರಗಿನ ಭಾಗದೊಡನೆ ಜೋಡಿಯಾಗುವ ಸೂಡೋನಾಟ್‌ಗಳನ್ನು ಆರ್‌ಎನ್‌ಎಫೋಲ್ಡ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಅವುಗಳ ಸಾಮಾನ್ಯ ಸಮಸ್ಯೆ ಗಣಕಕ್ಕೆ ಅಸಾಧ್ಯವೆನ್ನುವಷ್ಟು ಕಠಿಣವೆಂದು 2000ದಲ್ಲಿ ಸಾಬೀತಾಗಿದೆ. ಸಂದೇಹವಿದ್ದರೆ ಐಪಿನಾಟ್ ಅಥವಾ ಪ್ರಾಬ್‌ನಾಟ್ ನಡೆಸಿ ನೋಡಿ.

ಗುರಿಯ ಊಹೆ

ಇಂಟಾಆರ್‌ಎನ್‌ಎಗೆ ಒಂದು ಸಣ್ಣ ಆರ್‌ಎನ್‌ಎ ಮತ್ತು ಒಂದು ಜೀನೋಮ್ ಸಾಕು. ಎರಡು ಆರ್‌ಎನ್‌ಎಗಳು ಅಂಟಿದಾಗ ಸಿಗುವ ಶಕ್ತಿಯಿಂದ, ಅದಕ್ಕಾಗಿ ಎರಡೂ ತಮ್ಮ ಸ್ವಂತ ಮಡಿಕೆಯನ್ನು ಬಿಚ್ಚಿಕೊಳ್ಳಲು ತೆರಬೇಕಾದ ಬೆಲೆಯನ್ನು ಅದು ಕಳೆಯುತ್ತದೆ, ಜೊತೆಗೆ ಅಡ್ಡಿಯಿಲ್ಲದ 7 ಜೋಡಿಗಳ ಬೀಜಭಾಗವೊಂದನ್ನು ಕೇಳುತ್ತದೆ. ಬರುವ ಪಟ್ಟಿ ಉದ್ದವಾಗಿರುತ್ತದೆ, ನಿಜವಾದ ಗುರಿ ಐವತ್ತನೆಯ ಸ್ಥಾನದಲ್ಲೂ ಇರಬಹುದು. ಕೋಪ್ರಾಆರ್‌ಎನ್‌ಎ ಇದೇ ಲೆಕ್ಕವನ್ನು ಹಲವು ಪ್ರಭೇದಗಳಲ್ಲಿ ನಡೆಸಿ ಫಲಿತಾಂಶಗಳನ್ನು ಸೇರಿಸುವುದರಿಂದ ಪಟ್ಟಿಯ ತುದಿಗೆ ಹೆಚ್ಚು ನಂಬಿಕೆ ಬರುತ್ತದೆ. ಅದಕ್ಕೆ ಕನಿಷ್ಠ 3 ಪ್ರಭೇದಗಳಲ್ಲಿ ಆ ಆರ್‌ಎನ್‌ಎ ಇರಬೇಕು. ಸಿಗುತ್ತಿದ್ದರೆ ಕೋಪ್ರಾಆರ್‌ಎನ್‌ಎಯನ್ನೇ ಬಳಸಿ. ನಿಮ್ಮ ಪ್ರಭೇದಕ್ಕಷ್ಟೇ ಸೀಮಿತವಾದ ಗುರಿಗಳು ಅದರಲ್ಲಿ ಕೆಳಗೆ ಜಾರುವುದರಿಂದ ಇಂಟಾಆರ್‌ಎನ್‌ಎ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ಎರಡೂ ಸಾಮಾನ್ಯವಾಗಿ ಆರಂಭದ ಕೋಡಾನಿನ (ಎಂಆರ್‌ಎನ್‌ಎಯಲ್ಲಿ ಪ್ರೋಟೀನ್ ಸಂಕೇತ ಶುರುವಾಗುವ ಜಾಗದ) ಹಿಂದಿನ 200, ಮುಂದಿನ 100 ಅಕ್ಷರಗಳನ್ನು ನೋಡುತ್ತವೆ. ಅದರಾಚೆ ಅಂಟುವ ಆರ್‌ಎನ್‌ಎಗಳನ್ನು ಹುಡುಕಲು ಆ ಗಡಿಯನ್ನು ನೀವೇ ಹಿಗ್ಗಿಸಬೇಕು. ಎಚ್‌ಎಫ್‌ಕ್ಯೂ ಮೇಲೆ ಕೂತ ಆರ್‌ಎನ್‌ಎ ಜೋಡಿಗಳನ್ನು ಬೆಸೆದು ಓದುವ ರಿಲ್-ಸೆಕ್ ಪ್ರಯೋಗ 2016ರಿಂದ ಲಭ್ಯವಿದೆ; ಆದರೆ ಎಚ್‌ಎಫ್‌ಕ್ಯೂ ಇಲ್ಲದ ಮೈಕೋಬ್ಯಾಕ್ಟೀರಿಯಾಗಳಿಗೆ ಅದನ್ನು ಹಾಗೆಯೇ ಒಯ್ಯಲಾಗದು.

ಗುರಿಯ ಪಟ್ಟಿಯಿಂದ ಪ್ರಯೋಗಕ್ಕೆ ಹೋಗುವಾಗ ಜೋಡಿಯಾಗುವ ಸ್ಥಾನಗಳನ್ನು ಅಕ್ಷರ ಅಕ್ಷರವಾಗಿ ತೋರಿಸುವ ಫಲಿತಾಂಶ ಬೇಕು. ಎಸ್‌ಜಿಆರ್‌ಎಸ್ ತನ್ನ ಗುರಿಯಾದ ಪಿಟಿಎಸ್‌ಜಿ ಎಂಆರ್‌ಎನ್‌ಎಯ ರೈಬೋಸೋಮ್ ಕೂರುವ ಜಾಗಕ್ಕೆ ಅಂಟುತ್ತದೆ ಎಂಬುದು ದೃಢಪಟ್ಟದ್ದು ಈ ಬಗೆಯಲ್ಲೇ: 2006ರ ಪ್ರಯೋಗದಲ್ಲಿ ಎಸ್‌ಜಿಆರ್‌ಎಸ್‌ನ ಒಂದು ಅಕ್ಷರ ಬದಲಿಸಿದಾಗ ನಿಯಂತ್ರಣ ತಪ್ಪಿತು, ಗುರಿಯಲ್ಲಿ ಅದಕ್ಕೆ ಜೋಡಿಯಾಗುವ ಅಕ್ಷರವನ್ನೂ ಬದಲಿಸಿದಾಗ ಮರಳಿ ಬಂತು. ಇಂಥ ಬದಲಾವಣೆ ಆರಿಸುವ ಮೊದಲು ಬದಲಾದ ಆರ್‌ಎನ್‌ಎಯನ್ನು ಮತ್ತೆ ಆರ್‌ಎನ್‌ಎಫೋಲ್ಡ್‌ನಲ್ಲಿ ಹಾಕಿ, ಅದರ ಸ್ವಂತ ಮಡಿಕೆ ಮತ್ತು ಟರ್ಮಿನೇಟರ್ ಕಾಂಡ ಕೆಟ್ಟಿಲ್ಲವೆಂದು ನೋಡಿಕೊಳ್ಳಿ. ಮಡಿಕೆ ಕೆಟ್ಟಿದ್ದರೆ ಆರ್‌ಎನ್‌ಎಯೇ ಜೀವಕೋಶದಲ್ಲಿ ಉಳಿಯದೆ ಹೋಗಬಹುದು. ಆಗ ನಿಯಂತ್ರಣ ತಪ್ಪಿದ್ದು ಜೋಡಿ ಮುರಿದದ್ದರಿಂದ ಎಂದು ಹೇಳಲು ಬರುವುದಿಲ್ಲ.